ಅಕ್ಕನ ಮನೆಯ ಪಿಸಿ, ನಾಲ್ಕು ಮಳಿಗೆಗಳ ಆಟಗಳು ಮತ್ತು ಲಿನಕ್ಸ್: ಮೂರು ವಾರಾಂತ್ಯಗಳ ಕೆಲಸದ ದಾಖಲೆ

ಹನುಮಂತನಗರದ ಅಕ್ಕನ ಮನೆಯಲ್ಲಿರುವ ಪಿಸಿಯನ್ನು 2016ರಲ್ಲಿ ಜೋಡಿಸಿಕೊಟ್ಟವನು ನಾನೇ ಆದ್ದರಿಂದ, ಅದಕ್ಕೆ ನೆಗಡಿ ಬಂದರೂ ಫೋನು ಬರುವುದು ನನಗೇ. ಇಂಟೆಲ್ ಕೋರ್ ಐ5-6500 ಪ್ರೊಸೆಸರ್, ಎಚ್110 ಮದರ್‌ಬೋರ್ಡ್, 8 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, ಅದರಲ್ಲಿ ವಿಂಡೋಸ್ 10. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ವಿಂಡೋಸ್ 11 ಕೇಳುವುದು ಎಂಟನೆಯ ಅಥವಾ ಅದರ ನಂತರದ ತಲೆಮಾರಿನ ಇಂಟೆಲ್ ಪ್ರೊಸೆಸರನ್ನು. ಈ ಯಂತ್ರದ್ದು ಆರನೆಯ ತಲೆಮಾರು. ಹೊಸ ಪಿಸಿಯೇ ಬೇಕೆಂದು ಯಾರೋ ಭಾವನ ತಲೆಗೆ ತುಂಬಿದ್ದರು. ಬೋರ್ಡು, ಪ್ರೊಸೆಸರ್ ಎರಡೂ ಗಟ್ಟಿಯಾಗಿರುವಾಗ ಬರಿಯ ಪಟ್ಟಿಯೊಂದರಲ್ಲಿ ಹೆಸರಿಲ್ಲವೆಂದು ಯಂತ್ರವನ್ನು ಗುಜರಿಗೆ ಹಾಕುವುದು ನನಗೆ ಒಪ್ಪಿಗೆಯಾಗಲಿಲ್ಲ. ವಿಂಡೋಸಿನ ಬದಲು ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿಕೊಡುತ್ತೇನೆ ಎಂದೆ. ಮನೆಯಲ್ಲಿ ಅದಕ್ಕೆ ಎದುರಾಡಿದವನು ಪಿಯುಸಿ ಓದುವ ಅಕ್ಕನ ಮಗ ಒಬ್ಬನೇ.

“ಮಾಮ, ಅದರಲ್ಲಿ ಗೇಮ್ಸ್ ಬರಲ್ವಲ್ಲ?” ಎಂದು ಕೇಳಿದ. ಬರುತ್ತದೆ ಅಥವಾ ಬರುವುದಿಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರಿಸಬಹುದಾದ ಪ್ರಶ್ನೆ ಅದಲ್ಲ. ನಿನ್ನಲ್ಲಿರುವ ಆಟಗಳನ್ನೆಲ್ಲ ಯಾವ ಆನ್‌ಲೈನ್ ಮಳಿಗೆಯಲ್ಲಿ ತೆಗೆದುಕೊಂಡದ್ದು ಎಂಬುದರೊಡನೆ ಬರೆದುಕೊಡು ಎಂದೆ. ರಫ್ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ನಾಲ್ಕು ಕಂಬಸಾಲು ಹಾಕಿ ತಂದ: ಸ್ಟೀಮ್, ಜಿಒಜಿ, ಎಪಿಕ್, ಇಚ್. ಕೆಳಗೆ, ಯಾವ ಸಾಲಿಗೂ ಸೇರದೆ, ಕೆಂಪು ಪೆನ್ನಿನಲ್ಲಿ ವ್ಯಾಲೊರಂಟ್ ಎಂದು ಬರೆದು ಎರಡು ಸಲ ಅಡಿಗೆರೆ ಎಳೆದಿದ್ದ.

ಅಡಿಗೆರೆಯ ಆಟದ ವಿಷಯವನ್ನು ಸ್ಕ್ರೂಡ್ರೈವರ್ ಕೈಗೆ ತೆಗೆದುಕೊಳ್ಳುವ ಮೊದಲೇ ತೀರ್ಮಾನಿಸಿದೆವು. ವ್ಯಾಲೊರಂಟ್ ಜೊತೆಗೆ ಬರುವ ವ್ಯಾನ್‌ಗಾರ್ಡ್ ಎಂಬ ಮೋಸತಡೆ ತಂತ್ರಾಂಶವು ವಿಂಡೋಸಿನ ತಿರುಳಾದ ಕರ್ನಲ್‌ನೊಳಗೆ ಡ್ರೈವರ್ ಆಗಿ ಕೂರುತ್ತದೆ. ಲಿನಕ್ಸ್‌ನಲ್ಲಿ ಆ ಕರ್ನಲ್ಲೇ ಇಲ್ಲವಾದ್ದರಿಂದ ವಿಂಡೋಸ್ ಆಟಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ಅನುವಾದಕ ಪದರ ಎಷ್ಟು ಜಾಣತನದ್ದಾದರೂ ಆಟ ತೆರೆಯುವುದಿಲ್ಲ. ಇದನ್ನು ಮೊದಲೇ ಹೇಳದೆ ಯಂತ್ರ ಬಿಚ್ಚುವುದು ಅನ್ಯಾಯವಾಗುತ್ತಿತ್ತು. ಅವನು ಒಂದು ದಿನ ಮುಖ ಊದಿಸಿಕೊಂಡಿದ್ದು, ಆಮೇಲೆ ಅದನ್ನು ಗೆಳೆಯನ ಮನೆಯಲ್ಲೇ ಆಡುತ್ತೇನೆಂದು ಒಪ್ಪಿಕೊಂಡ. ಅಕ್ಕನಿಗೆ ಇದರಿಂದ ಆದ ಸಂತೋಷವನ್ನು ಅವಳು ಮುಚ್ಚಿಡಲಿಲ್ಲ.

ಮೊದಲ ಶನಿವಾರ: ಎಸ್.ಪಿ. ರಸ್ತೆ ಮತ್ತು ಬಿಚ್ಚುವ ಕೆಲಸ

ಬೆಳಿಗ್ಗೆ ಎಸ್.ಪಿ. ರಸ್ತೆಗೆ ಹೋಗಿ 500 ಜಿಬಿಯ ಸಾಟಾ ಎಸ್‌ಎಸ್‌ಡಿ, ಇನ್ನೊಂದು 8 ಜಿಬಿ ಡಿಡಿಆರ್4 ರ‍್ಯಾಮ್, 500 ವಾಟ್‌ನ ಎಸ್‌ಎಂಪಿಎಸ್ (ವಿದ್ಯುತ್ ಪೂರೈಸುವ ಪೆಟ್ಟಿಗೆ) ಮತ್ತು ಸೆಕೆಂಡ್ ಹ್ಯಾಂಡ್ ರೇಡಿಯಾನ್ ಆರ್‌ಎಕ್ಸ್ 570 ಗ್ರಾಫಿಕ್ಸ್ ಕಾರ್ಡ್ ತಂದೆ. ಅದೇ ಬೆಲೆಗೆ ಎನ್‌ವಿಡಿಯಾದ ಹಳೆಯ ಕಾರ್ಡುಗಳೂ ಇದ್ದವು. ಎಎಂಡಿ ಕಾರ್ಡಿಗೆ ಬೇಕಾದ ಡ್ರೈವರ್ ಲಿನಕ್ಸ್ ಕರ್ನಲ್ ಮತ್ತು ಮೆಸಾ ಎಂಬ ಗ್ರಾಫಿಕ್ಸ್ ತಂತ್ರಾಂಶದೊಳಗೇ ಇರುವುದರಿಂದ, ಕರ್ನಲ್ ಬದಲಾದಾಗಲೆಲ್ಲ ನನಗೆ ಫೋನು ಬರುವುದಿಲ್ಲ ಎಂಬ ಸ್ವಾರ್ಥದಿಂದ ಇದನ್ನೇ ಆರಿಸಿದೆ. ಕಾರ್ಡಿಗೆ ಏಳು ದಿನದ ಟೆಸ್ಟಿಂಗ್ ವಾರಂಟಿ ಎಂದು ಬಿಲ್ಲಿನ ಹಿಂದೆ ಬರೆದುಕೊಟ್ಟರು.

ಎಸ್‌ಎಂಪಿಎಸ್ ಬದಲಿಸಿದ್ದು ಐಷಾರಾಮಕ್ಕಲ್ಲ. ಕ್ಯಾಬಿನೆಟ್ ಜೊತೆಗೇ ಬಂದಿದ್ದ ಹಳೆಯದರಲ್ಲಿ ಗ್ರಾಫಿಕ್ಸ್ ಕಾರ್ಡಿನ ಎಂಟು ಪಿನ್ನಿನ ವೈರೇ ಇರಲಿಲ್ಲ. ಸುಮಾರು 150 ವಾಟ್ ಎಳೆಯುವ ಕಾರ್ಡಿಗೆ ಹಾರ್ಡ್ ಡಿಸ್ಕಿನ ವೈರಿನಿಂದ ಅಡಾಪ್ಟರ್ ಹಾಕಿ ವಿದ್ಯುತ್ ಕೊಡುವವರನ್ನು ನೋಡಿದ್ದೇನೆ. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆಯನ್ನೂ ನೋಡಿದ್ದೇನೆ. ಪ್ರೊಸೆಸರಿನ ಮೇಲಿನ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದ ಪುಡಿಯಂತಾಗಿತ್ತು. ಅದನ್ನು ಒರೆಸಿ ಹೊಸದು ಹಚ್ಚಿ, ಹಳೆಯ ಪೇಂಟ್ ಬ್ರಷ್ಷಿನಿಂದ ಧೂಳು ತೆಗೆದು, ಸಂಜೆಯ ಹೊತ್ತಿಗೆ ಮುಚ್ಚಿದೆ.

ಹಳೆಯ ಡಿಸ್ಕನ್ನು ಮುಟ್ಟದೆ ಎಸ್‌ಎಸ್‌ಡಿಗೆ ಲಿನಕ್ಸ್ ಮಿಂಟ್ 22 ಹಾಕಿದೆ. ಲಿನಕ್ಸ್‌ನ ಹಲವು ವಿತರಣೆಗಳಲ್ಲಿ (ಡಿಸ್ಟ್ರೊ) ಒಂದಾದ ಇದು, ಇನ್ನೊಂದು ವಿತರಣೆಯಾದ ಉಬುಂಟುವಿನ 24.04 ಆವೃತ್ತಿಯ ಮೇಲೆ ನಿಂತದ್ದು. ಮಿಂಟ್ ಸ್ವಭಾವತಃ ಉಬುಂಟುವಿನ ಸ್ನ್ಯಾಪ್ ಎಂಬ ಬಗೆಯ ಪ್ಯಾಕೇಜುಗಳನ್ನು ದೂರವಿಡುವುದರಿಂದ, ಸ್ಟೀಮ್ ಸಾಮಾನ್ಯ ಡೆಬ್ ಪ್ಯಾಕೇಜಾಗಿಯೇ ಬರುತ್ತದೆ. ಸ್ಟೀಮ್‌ನೊಂದಿಗೆ ಹಳೆಯ ಆಟಗಳಿಗೆ ಬೇಕಾಗುವ 32 ಬಿಟ್‌ನ ಲೈಬ್ರರಿಗಳೂ (ಪ್ರೋಗ್ರಾಮುಗಳು ಹಂಚಿಕೊಂಡು ಬಳಸುವ ಕೋಡ್ ಕಂತೆಗಳು) ಗುಂಪಾಗಿ ಬಂದು ಇಳಿದವು. ಇಷ್ಟೇಕೆ ಎಂದು ಹುಡುಗ ಕೇಳಿದಾಗ 2019ರ ಕಥೆ ಹೇಳಿದೆ. ಆ ವರ್ಷ ಉಬುಂಟು ತನ್ನ 19.10 ಆವೃತ್ತಿಯಿಂದ 32 ಬಿಟ್ ಪ್ಯಾಕೇಜುಗಳನ್ನೇ ಕೈಬಿಡುವುದಾಗಿ ಪ್ರಕಟಿಸಿತ್ತು. ಹಾಗಾದರೆ ಇನ್ನು ಉಬುಂಟುವನ್ನು ಅಧಿಕೃತವಾಗಿ ಬೆಂಬಲಿಸುವುದಿಲ್ಲವೆಂಬ ಸೂಚನೆ ಸ್ಟೀಮ್‌ನ ಒಡೆಯ ಸಂಸ್ಥೆಯಾದ ವಾಲ್ವ್ ಕಡೆಯಿಂದ ಬಂದಿತು. ಕೆಲವೇ ದಿನಗಳಲ್ಲಿ ಉಬುಂಟು ಹಿಂದೆ ಸರಿಯಿತು. ಆಟ ಮಾರುವ ಮಳಿಗೆಯೊಂದರ ಮಾತಿಗೆ ಆಪರೇಟಿಂಗ್ ಸಿಸ್ಟಮ್ಮೇ ತನ್ನ ದಾರಿ ಬದಲಿಸಿದ್ದು ಬೇರೆ ಕಡೆ ನಾನು ನೋಡಿಲ್ಲ.

ಭಾನುವಾರ: ಸ್ಟೀಮ್, ಮತ್ತು ಎರಡು ಚುಕ್ಕಿಯ ತೊಂದರೆ

ಸ್ಟೀಮ್‌ನ ಕೆಲಸ ಸುಲಭವೆಂದುಕೊಂಡು ಅದನ್ನು ಮೊದಲು ಹಿಡಿದೆ. ವಾಲ್ವ್ 2013ರ ಫೆಬ್ರವರಿಯಲ್ಲಿ ಲಿನಕ್ಸ್‌ಗೆ ಸ್ಟೀಮ್ ಬಿಡುಗಡೆ ಮಾಡಿದಾಗ, ಲಿನಕ್ಸ್‌ಗೆಂದೇ ತಯಾರಾದ ಆಟಗಳು ಮಾತ್ರ ಅದರಲ್ಲಿ ನಡೆಯುತ್ತಿದ್ದವು. 2015ರಲ್ಲಿ ಸ್ಟೀಮ್ ಮೆಷಿನ್ ಎಂಬ ಹೆಸರಿನ ಪೆಟ್ಟಿಗೆಗಳು ಮಾರುಕಟ್ಟೆಗೆ ಬಂದು ಸೊರಗಿದ್ದಕ್ಕೆ ದೊಡ್ಡ ಕಾರಣವೂ ಆಟಗಳ ಕೊರತೆಯೇ. 2018ರ ಆಗಸ್ಟ್‌ನಲ್ಲಿ ಪ್ರೋಟಾನ್ ಬಂದ ಮೇಲೆ ಲೆಕ್ಕ ಬದಲಾಯಿತು. ವಿಂಡೋಸ್ ಪ್ರೋಗ್ರಾಮುಗಳನ್ನು ಲಿನಕ್ಸ್‌ನಲ್ಲಿ ಓಡಿಸಲು 1993ರಿಂದ ಬೆಳೆದುಬಂದ ವೈನ್, ವಿಂಡೋಸಿನ ಗ್ರಾಫಿಕ್ಸ್ ಭಾಷೆಯಾದ ಡೈರೆಕ್ಟ್‌ಎಕ್ಸ್‌ನ ಆದೇಶಗಳನ್ನು ಲಿನಕ್ಸ್‌ನಲ್ಲೂ ನಡೆಯುವ ವಲ್ಕನ್‌ಗೆ ತಿರುಗಿಸುವ ಡಿಎಕ್ಸ್‌ವಿಕೆ ಮುಂತಾದವನ್ನು ಒಂದೇ ಗಂಟು ಕಟ್ಟಿ, ಆಟಗಾರನು ಗಂಟು ಬಿಚ್ಚದೆಯೇ ಕೆಲಸ ಮಾಡುವಂತೆ ಕೊಟ್ಟದ್ದು ಅದರ ಹೆಚ್ಚುಗಾರಿಕೆ. 2022ರಲ್ಲಿ ಬಂದ, ಕೈಯಲ್ಲಿ ಹಿಡಿದು ಆಡುವ ಸ್ಟೀಮ್ ಡೆಕ್ ನಿಂತಿರುವುದೂ ಇದರ ಮೇಲೆಯೇ.

ಹಳೆಯ ಡಿಸ್ಕಿನಲ್ಲಿ ವಿಂಡೋಸಿನ ಕಾಲದ ಸ್ಟೀಮ್ ಲೈಬ್ರರಿ, ಅಂದರೆ ಇಳಿಸಿಟ್ಟ ಆಟಗಳ ಸಂಗ್ರಹ, ಸುಮಾರು 300 ಜಿಬಿ ಇತ್ತು. ಅಷ್ಟನ್ನೂ ಮತ್ತೆ ಇಳಿಸಿದರೆ ಬ್ರಾಡ್‌ಬ್ಯಾಂಡಿನ ತಿಂಗಳ ಮಿತಿ ಮುಗಿದು ಭಾವನ ಆಫೀಸ್ ಕೆಲಸಕ್ಕೆ ಕುತ್ತು ಬರುತ್ತಿತ್ತು. ಆದ್ದರಿಂದ ಅದೇ ಡಿಸ್ಕನ್ನು ಮೌಂಟ್ ಮಾಡಿ (ಲಿನಕ್ಸ್‌ಗೆ ಜೋಡಿಸಿ) ಲೈಬ್ರರಿಯಾಗಿ ತೋರಿಸೋಣವೆಂದುಕೊಂಡೆ. ಮೊದಲ ಯತ್ನದಲ್ಲಿ ಡಿಸ್ಕ್ ಓದಲು ಮಾತ್ರ ಸಿಕ್ಕಿತು, ಬರೆಯಲು ಬಿಡಲಿಲ್ಲ. ವಿಂಡೋಸಿನ ಫಾಸ್ಟ್ ಸ್ಟಾರ್ಟ್‌ಅಪ್ ಚಾಲೂ ಇದ್ದರೆ ಶಟ್‌ಡೌನ್ ಎಂಬುದು ನಿಜವಾದ ಶಟ್‌ಡೌನ್ ಅಲ್ಲ. ಡಿಸ್ಕ್ ಅರ್ಧ ನಿದ್ದೆಯಲ್ಲಿರುತ್ತದೆ. ವಿಂಡೋಸಿಗೆ ಹಿಂದಿರುಗಿ ಅದನ್ನು ಆರಿಸಿ ಬಂದ ಮೇಲೆ ಬರೆಯಲು ಬಂತು. ಸ್ಟೀಮ್ ಆಟಗಳನ್ನು ಗುರುತಿಸಿತು. ಲಿನಕ್ಸ್ ಆವೃತ್ತಿಯಿದ್ದ ಆಟಗಳು ವ್ಯತ್ಯಾಸವಾದ ಫೈಲುಗಳನ್ನಷ್ಟೇ ಇಳಿಸಿಕೊಂಡು ತೆರೆದವು. ಪ್ರೋಟಾನ್ ಬೇಕಾದ ಆಟಗಳು ಮಾತ್ರ ಪ್ಲೇ ಒತ್ತಿದರೆ ಎರಡು ಸೆಕೆಂಡ್ ಉಸಿರಾಡಿ, ಏನೂ ಹೇಳದೆ, ಮತ್ತೆ ಹಸಿರು ಗುಂಡಿಗೆ ಮರಳುತ್ತಿದ್ದವು.

ಆಟದ ಲಾಂಚ್ ಆಪ್ಷನ್‌ನಲ್ಲಿ ಪ್ರೋಟಾನ್ ಲಾಗ್ ಚಾಲೂ ಮಾಡಿದರೆ ಹೋಮ್ ಫೋಲ್ಡರಿನಲ್ಲಿ ಆಟದ ಸಂಖ್ಯೆಯಿರುವ ಲಾಗ್ ಫೈಲ್ ಒಂದು ಹುಟ್ಟುತ್ತದೆ. ಆದರೆ ಇಲ್ಲಿ ಅದು ಹುಟ್ಟುವಷ್ಟು ದೂರವೂ ಆಟ ಹೋಗಿರಲಿಲ್ಲ. ಸ್ಟೀಮನ್ನು ಟರ್ಮಿನಲ್‌ನಿಂದ ತೆರೆದು ನೋಡಿದಾಗ ಕಾರಣ ಕಂಡಿತು. ಪ್ರತಿಯೊಂದು ಆಟಕ್ಕೂ ಪ್ರೋಟಾನ್ ಒಂದು ಪುಟ್ಟ ಹುಸಿ ವಿಂಡೋಸನ್ನು ಕಟ್ಟುತ್ತದೆ, ಮತ್ತು ಅದರೊಳಗಿನ ಡಾಸ್‌ಡಿವೈಸಸ್ ಎಂಬ ಫೋಲ್ಡರಿನಲ್ಲಿ ಸಿ, ಜಡ್ ಎಂಬ ಎರಡು ಡ್ರೈವ್‌ಗಳಿಗೆ ಕೊಂಡಿ ಹಾಕುತ್ತದೆ. ಆ ಕೊಂಡಿಗಳ ಹೆಸರಿನಲ್ಲಿ ಅಕ್ಷರದ ಪಕ್ಕದಲ್ಲೇ ಮೇಲೊಂದು ಕೆಳಗೊಂದು ಎರಡು ಚುಕ್ಕಿ, ಅಂದರೆ ಕೋಲನ್, ಇರಲೇಬೇಕು. ವಿಂಡೋಸಿನಲ್ಲಿ ಫೈಲ್ ಹೆಸರಿಗೆ ಕೋಲನ್ ನಿಷಿದ್ಧ. ವಿಂಡೋಸಿನ ಎನ್‌ಟಿಎಫ್‌ಎಸ್ ಮಾದರಿಯಲ್ಲಿದ್ದ ನನ್ನ ಡಿಸ್ಕ್ ವಿಂಡೋಸ್ ಒಪ್ಪದ ಹೆಸರುಗಳನ್ನು ಬರೆಯಗೊಡದಂತೆ ಮೌಂಟ್ ಆಗಿತ್ತು. ಹಾಗಾಗಿ ವಿಂಡೋಸಿನಂತೆ ನಟಿಸಲು ಬೇಕಾದ ಹೆಸರನ್ನು ವಿಂಡೋಸಿನ ಡಿಸ್ಕೇ ತಡೆಯುತ್ತಿತ್ತು.

ತಾತ್ಕಾಲಿಕ ಪರಿಹಾರವಾಗಿ, ಈ ಹುಸಿ ವಿಂಡೋಸುಗಳು ಕೂರುವ ಕಂಪ್ಯಾಟ್‌ಡೇಟಾ ಫೋಲ್ಡರನ್ನು ಎಸ್‌ಎಸ್‌ಡಿಯಲ್ಲಿ ಮಾಡಿ, ಹಳೆಯ ಡಿಸ್ಕಿನಿಂದ ಅದಕ್ಕೊಂದು ಸಿಂಬಾಲಿಕ್ ಲಿಂಕ್ (ದಾರಿ ತೋರುವ ಕೊಂಡಿ) ಕೊಟ್ಟೆ. ಪ್ಲೇ ಒತ್ತಿದೊಡನೆ ಆಟ ತೆರೆಯಿತು. ಆದರೆ ಇದು ಬಾಡಿಗೆ ಮನೆಯ ವ್ಯವಸ್ಥೆ. ಎರಡು ಸಿಸ್ಟಮ್‌ಗಳೂ ಒಂದೇ ಲೈಬ್ರರಿಗೆ ಕೈಹಾಕಿದರೆ ಎಂದಾದರೊಂದು ದಿನ ಜಗಳ ಖಚಿತ. ಡಿಸ್ಕನ್ನು ಪೂರ್ತಿ ಲಿನಕ್ಸ್‌ನ ಇಎಕ್ಸ್‌ಟಿ4 ಮಾದರಿಗೆ ಬದಲಿಸಬೇಕೆಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡೆ.

ಆ ಸಂಜೆ ಇನ್ನೊಂದು ತೊಂದರೆ. ಪ್ರೋಟಾನ್‌ನಲ್ಲಿ ಓಡುತ್ತಿದ್ದ ಆಟವೊಂದು ಇಪ್ಪತ್ತು ನಿಮಿಷವಾದೊಡನೆ ಪರದೆ ಕಪ್ಪಾಗಿ ಕಲ್ಲಾಗುತ್ತಿತ್ತು. ಪ್ರೋಟಾನ್‌ನದೇ ದೋಷವೆಂದು ಒಂದರ ಮೇಲೊಂದು ಆವೃತ್ತಿ ಬದಲಿಸುತ್ತ ಎರಡು ಗಂಟೆ ಕಳೆದೆ. ಆಮೇಲೆ ಹೊಳೆಯಿತು: ಲಿನಕ್ಸ್‌ನದೇ ಆವೃತ್ತಿಯಿರುವ 3ಡಿ ಆಟವೊಂದನ್ನು ಓಡಿಸಿ ನೋಡಿದರಾಯಿತು. ಅದೂ ಕಲ್ಲಾಯಿತು. ಅಲ್ಲಿಗೆ ಸ್ಟೀಮ್, ಪ್ರೋಟಾನ್ ಎರಡೂ ನಿರಪರಾಧಿ. ಕರ್ನಲ್ ಲಾಗಿನಲ್ಲಿ ಎಎಂಡಿಜಿಪಿಯು ಸಾಲುಗಳ ನಡುವೆ ‘ರಿಂಗ್ ಜಿಎಫ್‌ಎಕ್ಸ್ ಟೈಮ್‌ಔಟ್’ ಎಂದಿತ್ತು. ಕಾರ್ಡನ್ನು ಕಳಚಿ ಟ್ಯೂಬ್‌ಲೈಟಿನ ಕೆಳಗೆ ಹಿಡಿದೆ. ಮೇಲಂಚಿನಲ್ಲಿ ಉಗುರಿನ ತುದಿಯಷ್ಟೇ ಇರುವ ಸ್ವಿಚ್ಚೊಂದಿತ್ತು, ಕಾರ್ಡಿನೊಳಗಿನ ಮೂಲ ತಂತ್ರಾಂಶವಾದ ಬಯಾಸಿನ ಎರಡು ಪ್ರತಿಗಳಲ್ಲಿ ಒಂದನ್ನು ಆರಿಸುವುದು. ಕ್ರಿಪ್ಟೊ ಗಣಿಗಾರಿಕೆಯಲ್ಲಿ ದುಡಿದ ಆರ್‌ಎಕ್ಸ್ 570ಗಳಲ್ಲಿ ಮೆಮೊರಿಯ ವೇಗ ಹಿಂಡಲು ಬಯಾಸನ್ನು ತಿದ್ದುವುದು ಆ ಕಾಲದ ವಾಡಿಕೆ. ತಿದ್ದಿದ ಬಯಾಸಿನ ಕಾರ್ಡನ್ನು ವಿಂಡೋಸಿನ ಡ್ರೈವರ್ ತಪಾಸಣೆ ಮಾಡಿ ತಿರಸ್ಕರಿಸುತ್ತದೆ; ಲಿನಕ್ಸಿನ ಡ್ರೈವರ್ ಅಂಥ ತಕರಾರು ತೆಗೆಯದೆ ನಡೆಸಿಕೊಂಡು ಹೋಗುತ್ತದೆ. ಸ್ವಿಚ್ಚನ್ನು ಇನ್ನೊಂದು ಬದಿಗೆ ತಳ್ಳಿ ಕೂರಿಸಿದೆ. ಆಮೇಲೆ ನಾಲ್ಕು ಗಂಟೆ ಓಡಿಸಿದರೂ ಕಲ್ಲಾಗಲಿಲ್ಲ. ಅಂಗಡಿಯವರಿಗೆ ಫೋನ್ ಮಾಡಿದೆ, “ಓಡ್ತಿದೆ ತಾನೆ ಸಾರ್?” ಎಂದರು. ಓಡುತ್ತಿತ್ತು.

ಎರಡನೆಯ ವಾರ: ಜಿಒಜಿ

ಜಿಒಜಿಯಲ್ಲಿ ಹುಡುಗನ ಬಳಿ ಹನ್ನೊಂದು ಆಟಗಳಿದ್ದವು. ಬಹಳ ಸಮಯ ಹಿಡಿದದ್ದು ಈ ಹನ್ನೊಂದೇ. ಬಹಳ ಕಲಿಸಿದ್ದೂ ಇವೇ. ಪೋಲೆಂಡಿನ ಈ ಮಳಿಗೆ 2014ರ ಜುಲೈನಲ್ಲಿ 50 ಆಟಗಳೊಂದಿಗೆ ಲಿನಕ್ಸ್ ಬೆಂಬಲ ಆರಂಭಿಸಿತು. ಆಗ ಅವರು ಹೆಸರಿಸಿ ಬೆಂಬಲಿಸಿದ್ದು ಉಬುಂಟು 14.04 ಮತ್ತು ಮಿಂಟ್ 17 ಎಂಬುದು ಮಿಂಟ್ ಹಾಕಿದ ನನಗೆ ಸ್ವಲ್ಪ ಹೆಮ್ಮೆಯ ವಿಷಯ. ಡಿಆರ್‌ಎಂ, ಅಂದರೆ ನಕಲು ತಡೆಯುವ ಬೀಗ, ಇಲ್ಲ; ಆಟದ ಪುಟದಲ್ಲಿ ಲಿನಕ್ಸ್‌ನ ಗುರುತಾದ ಪೆಂಗ್ವಿನ್ ಚಿಹ್ನೆಯಿದ್ದರೆ ಬ್ರೌಸರಿನಿಂದಲೇ ಶೆಲ್ ಸ್ಕ್ರಿಪ್ಟ್ ರೂಪದ ಇನ್‌ಸ್ಟಾಲರ್ ಫೈಲ್ ಇಳಿಸಿಕೊಳ್ಳಬಹುದು. ಮಳಿಗೆ ನಾಳೆ ಬಾಗಿಲು ಹಾಕಿದರೂ ಆ ಫೈಲ್ ನಿಮ್ಮದೇ. ಆದರೆ ಗ್ಯಾಲಕ್ಸಿ ಎಂಬ ಅವರ ಸ್ವಂತ ಕ್ಲೈಂಟ್ (ಆಟ ಇಳಿಸಿ ನಡೆಸುವ ಪ್ರೋಗ್ರಾಮ್) ವಿಂಡೋಸ್ ಮತ್ತು ಮ್ಯಾಕ್‌ಗೆ ಮಾತ್ರ. ಲಿನಕ್ಸ್‌ನವರು ಫೈಲ್ ಒಯ್ಯಬಹುದು, ಉಳಿದದ್ದು ಅವರವರ ಹೊಣೆ.

ಆ ಫೈಲ್ ಒಳಗೆ ಹೇಗಿದೆ ಎಂದು ಹುಡುಗನಿಗೆ ತೋರಿಸಿದೆ. ಟೆಕ್ಸ್ಟ್ ಎಡಿಟರಿನಲ್ಲಿ ತೆರೆಯಲು ಹೋದರೆ ಗಿಗಾಬೈಟುಗಟ್ಟಲೆ ಫೈಲಿಗೆ ಎಡಿಟರ್ ಏದುಸಿರು ಬಿಡುತ್ತದೆ. ಟರ್ಮಿನಲ್‌ನಲ್ಲಿ ಮೊದಲ ಕೆಲವು ಸಾಲುಗಳನ್ನು ಮಾತ್ರ ತೆಗೆಯಬೇಕು. ಮೊದಲಿಗೆ ಮನುಷ್ಯರು ಓದಬಹುದಾದ ಸ್ಕ್ರಿಪ್ಟ್, ಆಮೇಲೆ ಮೋಜೋಸೆಟಪ್ ಎಂಬ ಇನ್‌ಸ್ಟಾಲರ್, ಕಟ್ಟಕಡೆಗೆ ಆಟದ ಫೈಲುಗಳ ಜಿಪ್ ಕಂತೆ. ಇದನ್ನು ತಿಳಿದಿದ್ದರೆ ಲಾಭವಿದೆ: ಇನ್‌ಸ್ಟಾಲರಿನ ಕಿಟಕಿ ತೆರೆಯದೆ ಮುಷ್ಕರ ಹೂಡಿದರೂ, ಅದೇ ಫೈಲನ್ನು ಅನ್‌ಜಿಪ್‌ಗೆ ಕೊಟ್ಟರೆ, ಮುಂದೆ ಏನೋ ಹೆಚ್ಚುವರಿ ಸೇರಿದೆ ಎಂದು ಗೊಣಗಿ, ಆಟವನ್ನು ಬಿಚ್ಚಿಕೊಡುತ್ತದೆ. ಒಳಗೆ ಗೇಮ್, ಸಪೋರ್ಟ್ ಎಂಬ ಫೋಲ್ಡರುಗಳು, ಪಕ್ಕದಲ್ಲಿ ಸ್ಟಾರ್ಟ್ ಸ್ಕ್ರಿಪ್ಟ್. ಇಳಿಸಿದ ಫೈಲಿಗೆ ಓಡುವ ಅನುಮತಿ ಕೊಡುವುದನ್ನು ಮರೆತು, ಡಬಲ್ ಕ್ಲಿಕ್ ಮಾಡಿ, ಇದು ಕೆಟ್ಟಿದೆ ಎಂದು ಹುಡುಗ ತೀರ್ಪು ಕೊಟ್ಟಿದ್ದ. ಪ್ರಾಪರ್ಟೀಸ್‌ನಲ್ಲಿ ಒಂದು ಟಿಕ್ ಹಾಕಿದ್ದಕ್ಕೆ ತೀರ್ಪು ರದ್ದಾಯಿತು.

ಹನ್ನೊಂದರಲ್ಲಿ ಆರಕ್ಕೆ ಪೆಂಗ್ವಿನ್ ಇತ್ತು. ಐದು ಸುಸೂತ್ರವಾಗಿ ತೆರೆದವು. ಆರನೆಯದು, 2013ರ ಸುಮಾರಿನ ಒಂದು ಪುಟ್ಟ ಆಟ, ತುಟಿ ಬಿಚ್ಚಲಿಲ್ಲ. ವಿಚಿತ್ರವೆಂದರೆ ಹಳೆಯ ಬಂಡಲೊಂದರ ಕೃಪೆಯಿಂದ ಅದೇ ಆಟ ಸ್ಟೀಮ್‌ನಲ್ಲೂ ಅವನ ಬಳಿ ಇತ್ತು, ಮತ್ತು ಅಲ್ಲಿ ಅದೇ ಲಿನಕ್ಸ್ ಆವೃತ್ತಿ ಒಂದೇ ಕ್ಲಿಕ್ಕಿಗೆ ಓಡುತ್ತಿತ್ತು. ಯಂತ್ರ ಒಂದೇ, ಆಟ ಒಂದೇ, ಮಳಿಗೆ ಬೇರೆ. ಇಂಥ ಜೋಡಿ ಸಿಗುವುದು ಅಪರೂಪ, ಹಾಗಾಗಿ ಪಟ್ಟು ಹಿಡಿದು ಕುಳಿತೆ.

ಆಟದ ಬೈನರಿಯನ್ನು ಎಲ್‌ಡಿಡಿ ಎಂಬ ಉಪಕರಣಕ್ಕೆ ಕೊಟ್ಟರೆ ಅದಕ್ಕೆ ಬೇಕಾದ ಲೈಬ್ರರಿಗಳ ಪಟ್ಟಿ ಬರುತ್ತದೆ. ಎರಡು ಸಾಲುಗಳ ಮುಂದೆ ‘ನಾಟ್ ಫೌಂಡ್’. ಆಟ 32 ಬಿಟ್‌ನದು. ಅದಕ್ಕೆ ಬೇಕಿದ್ದ ಜಿಎಲ್‌ಯು ಮತ್ತು ಓಪನ್‌ಎಎಲ್ ಲೈಬ್ರರಿಗಳ 32 ಬಿಟ್ ಪ್ರತಿಗಳು ಯಂತ್ರದಲ್ಲಿ ಇರಲಿಲ್ಲ. ಎರಡನ್ನೂ ಪ್ಯಾಕೇಜ್ ಮ್ಯಾನೇಜರಿನಿಂದ ಹಾಕಿದ ಮೇಲೆ ಆಟ ತೆರೆದು, ಸದ್ದೂ ಬಂತು. ಹಾಗಾದರೆ ಸ್ಟೀಮ್‌ನಲ್ಲಿ ಏಕೆ ಮೊದಲೇ ಓಡಿತು? ವಾಲ್ವ್ ತನ್ನ ಆಟಗಳಿಗೆ ಲಿನಕ್ಸ್ ರನ್‌ಟೈಮ್ ಎಂಬ ಬುತ್ತಿ ಕಟ್ಟಿಕೊಡುತ್ತದೆ. ಅದರ ಮೊದಲ ತಲೆಮಾರಾದ ಸ್ಕೌಟ್, ಉಬುಂಟು 12.04ರ ಕಾಲದ ಲೈಬ್ರರಿಗಳನ್ನು ಆಧರಿಸಿದ್ದು. ನಿಮ್ಮ ಡಿಸ್ಟ್ರೊ ಎಷ್ಟೇ ಹೊಸದಾಗಿರಲಿ, ಹನ್ನೆರಡು ವರ್ಷದ ಹಿಂದಿನ ಆಟಕ್ಕೆ ಅದು ಹುಟ್ಟಿದ ಕಾಲದ ಊಟವೇ ಸಿಗುತ್ತದೆ. ಜಿಒಜಿ ಕೊಡುವುದು ಆಟದ ಫೈಲ್. ಊಟದ ವ್ಯವಸ್ಥೆ ನಮ್ಮದು. ಎರಡೂ ಮಳಿಗೆಗಳ ಪುಟದಲ್ಲಿ ಲಿನಕ್ಸ್ ಚಿಹ್ನೆ ಇರುತ್ತದೆಯಾದರೂ, ಒಂದರಲ್ಲಿ ಅದು ದುರಸ್ತಿಯ ಹೊಣೆ ಹೊತ್ತ ಗುರುತು, ಇನ್ನೊಂದರಲ್ಲಿ ಫೈಲ್ ಇದೆ ಎಂಬ ಗುರುತು. ಭಾವನಿಗೆ ಇದನ್ನು ಹೇಳಿದಾಗ, “ಸರಿಯಪ್ಪ, ಒಬ್ಬ ಅಡುಗೆ ಮಾಡಿ ಬಡಿಸ್ತಾನೆ, ಇನ್ನೊಬ್ಬ ಅಕ್ಕಿಬೇಳೆ ಕೊಡ್ತಾನೆ” ಎಂದರು. ಅಕ್ಕಿಬೇಳೆ ಕೊಟ್ಟವನ ಕಡೆ ನನ್ನ ಒಲವು ಕಡಿಮೆಯೇನಲ್ಲ: ಸ್ಟೀಮ್‌ನ ಬಡಿಸುವಿಕೆ ಸ್ಟೀಮ್ ಇರುವವರೆಗೆ, ಅದರ ಖಾತೆ ತೆರೆದಿರುವವರೆಗೆ.

ಪೆಂಗ್ವಿನ್ ಇಲ್ಲದ ಐದು ಆಟಗಳಲ್ಲಿ ಒಂದು ಡಾಸ್ ಕಾಲದ್ದು. ಅದಕ್ಕೆ ವಿಂಡೋಸ್ ಇನ್‌ಸ್ಟಾಲರಿನಿಂದ ಆಟದ ಫೈಲುಗಳನ್ನು ಬಿಚ್ಚಿ, ಹಳೆಯ ಡಾಸ್ ಅನ್ನು ಅನುಕರಿಸುವ, ಮಿಂಟ್‌ನದೇ ಡಾಸ್‌ಬಾಕ್ಸ್‌ಗೆ ತೋರಿಸಿದ್ದು ಸಾಕಾಯಿತು. ಉಳಿದ ನಾಲ್ಕನ್ನು, ಜಿಒಜಿ ಮತ್ತು ಎಪಿಕ್ ಆಟಗಳನ್ನು ಲಿನಕ್ಸ್‌ನಲ್ಲಿ ಇಳಿಸಿ ಓಡಿಸುವ ಹೀರೋಯಿಕ್ ಎಂಬ ಲಾಂಚರಿಗೆ ಒಪ್ಪಿಸಿದೆ. ಜಿಒಜಿಯಲ್ಲಿ ಕೊಂಡ 30 ದಿನಗಳೊಳಗೆ, ಆಡಿ ನೋಡಿದ ಮೇಲೂ, ಹಣ ವಾಪಸ್ ಕೇಳಬಹುದು. ಸ್ಟೀಮ್‌ನಲ್ಲಿ 14 ದಿನ ಮತ್ತು ಎರಡು ಗಂಟೆಯೊಳಗಿನ ಆಟ. ಲಿನಕ್ಸ್‌ನಲ್ಲಿ ಒಂದು ಲೈಬ್ರರಿ ಹುಡುಕುವುದರಲ್ಲೇ ಎರಡು ಗಂಟೆ ಕಳೆಯಬಲ್ಲ ನನ್ನಂಥವರಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಇಚ್‌ನದು ಹತ್ತು ನಿಮಿಷದ ಕೆಲಸ. ಅದರ ಆ್ಯಪ್‌ಗೆ ಲಿನಕ್ಸ್ ಆವೃತ್ತಿಯೇ ಇದೆ, ಆ್ಯಪ್ ಬೇಡವೆಂದರೆ ಬ್ರೌಸರಿನಿಂದ ಜಿಪ್ ಇಳಿಸಿಕೊಂಡರೂ ಆದೀತು. ಆಟಗಳನ್ನು ಗೊಂಚಲಾಗಿ ಮಾರುವ ಹಂಬಲ್ ಬಂಡಲ್‌ನ ಹಳೆಯ ಖಾತೆಯಲ್ಲಿದ್ದ ಲಿನಕ್ಸ್ ಫೈಲುಗಳನ್ನೂ ಇಳಿಸಿದೆ. 2010ರ ಮೇ ತಿಂಗಳ ಅವರ ಮೊದಲ ಬಂಡಲಿನಲ್ಲಿ ಇಷ್ಟಬಂದಷ್ಟು ಕೊಡಿ ಎಂದಾಗ, ಲಿನಕ್ಸ್ ಬಳಸುವವರು ಸರಾಸರಿಯಲ್ಲಿ ವಿಂಡೋಸಿನವರಿಗಿಂತ ಹೆಚ್ಚು ಕೊಟ್ಟಿದ್ದರು. ನಮ್ಮವರು ದುಡ್ಡು ಬಿಚ್ಚುವುದಿಲ್ಲವೆಂಬ ಮಾತಿಗೆ ಉತ್ತರವಾಗಿ ನಾನು ಇಂದಿಗೂ ಬಳಸುವುದು ಇದನ್ನೇ.

ಮೂರನೆಯ ಶನಿವಾರ: ಎಪಿಕ್

2018ರ ಡಿಸೆಂಬರ್‌ನಲ್ಲಿ ಆರಂಭವಾದ ಎಪಿಕ್ ಗೇಮ್ಸ್ ಸ್ಟೋರ್ ಲಿನಕ್ಸ್‌ಗೆ ಕ್ಲೈಂಟ್ ಕೊಟ್ಟಿಲ್ಲ. ಹಾಗೆಂದು ಆ ಸಂಸ್ಥೆಗೆ ಲಿನಕ್ಸ್ ತಿಳಿಯದೆಂದಲ್ಲ: ಅವರ ಅನ್‌ರಿಯಲ್ ಎಂಜಿನ್ ಲಿನಕ್ಸ್‌ನಲ್ಲಿ ಓಡುತ್ತದೆ, ಅವರದೇ ಒಡೆತನದ ಈಸಿ ಆ್ಯಂಟಿಚೀಟ್‌ಗೆ 2021ರಲ್ಲಿ ಲಿನಕ್ಸ್ ಮತ್ತು ಪ್ರೋಟಾನ್ ಬೆಂಬಲ ಬಂದಿದೆ, ಆಟದ ತಯಾರಕರು ಅದನ್ನು ಚಾಲೂ ಮಾಡಬೇಕಷ್ಟೆ. ಇನ್ನೊಂದು ಕಡೆ, ಲಿನಕ್ಸ್ ಆವೃತ್ತಿಯಿದ್ದ ರಾಕೆಟ್ ಲೀಗ್, ಅದನ್ನು ತಯಾರಿಸಿದ ಸಂಸ್ಥೆಯನ್ನು ಎಪಿಕ್ 2019ರಲ್ಲಿ ಕೊಂಡ ಮೇಲೆ, 2020ರ ಮಾರ್ಚ್‌ನಲ್ಲಿ ಲಿನಕ್ಸ್ ಬೆಂಬಲ ಕಳೆದುಕೊಂಡಿತು. ಬಂದ ಬೆಂಬಲ ಬಂದದ್ದೇ ಎಂದು ನಂಬಿ ಕೂರಬಾರದು ಎಂದು ಹುಡುಗನಿಗೆ ಹೇಳಲು ಈ ಉದಾಹರಣೆ ಕೈಯಲ್ಲೇ ಇತ್ತು.

ಭಾವನ ಇಮೇಲ್‌ನಲ್ಲಿ 2019ರಲ್ಲಿ ತೆರೆದ ಖಾತೆಯಲ್ಲಿ, ಉಚಿತವಾಗಿ ಸಿಕ್ಕ ಆಟಗಳೇ ಅರವತ್ತರ ಮೇಲೆ ಇದ್ದವು. ಅದರಲ್ಲೊಂದು ಸೆಲೆಸ್ಟ್. 2018ರ ಜನವರಿಯಲ್ಲಿ ಬಿಡುಗಡೆಯಾದ ದಿನದಿಂದಲೂ ಈ ಆಟಕ್ಕೆ ಲಿನಕ್ಸ್ ಆವೃತ್ತಿಯಿದೆ, ಸ್ಟೀಮ್‌ನಲ್ಲಿ ಕೊಂಡರೂ ಇಚ್‌ನಲ್ಲಿ ಕೊಂಡರೂ ಅದು ಸಿಗುತ್ತದೆ. ಎಪಿಕ್‌ನಲ್ಲಿ ತೆಗೆದುಕೊಂಡವರಿಗೆ ಸಿಗುವುದು ವಿಂಡೋಸ್ ಮತ್ತು ಮ್ಯಾಕ್‌ನ ಫೈಲ್ ಮಾತ್ರ. ಲಿನಕ್ಸ್‌ಗೆಂದೇ ಬರೆದಿಟ್ಟ ಆಟವನ್ನು ವಿಂಡೋಸಿನದೆಂದು ಇಳಿಸಿ, ಅನುವಾದಕ ಪದರದ ಮೂಲಕ ಮತ್ತೆ ಲಿನಕ್ಸ್‌ನಲ್ಲಿ ಓಡಿಸಬೇಕು. ಮೂಗು ಹಿಡಿಯಲು ಕೈಯನ್ನು ತಲೆಯ ಸುತ್ತ ತಂದಂತೆ.

ಹೀರೋಯಿಕ್‌ನ ಡೆಬ್ ಪ್ಯಾಕೇಜ್ ಹಾಕಿ, ಅದರೊಳಗಿನಿಂದಲೇ ಎಪಿಕ್ ಖಾತೆಗೆ ಲಾಗಿನ್ ಆದೆ. ಎಪಿಕ್‌ನ ಸರ್ವರಿನೊಡನೆ ಮಾತಾಡುವ ಕೆಲಸವನ್ನು ಒಳಗಿರುವ ಲೆಜೆಂಡರಿ ಎಂಬ ಪ್ರೋಗ್ರಾಮ್ ಮಾಡುತ್ತದೆ; ಎಪಿಕ್‌ನ ಲಾಂಚರ್ ಅಗತ್ಯವೇ ಬೀಳುವುದಿಲ್ಲ. ವೈನ್ ಮ್ಯಾನೇಜರಿನಲ್ಲಿ ಪ್ರೋಟಾನ್‌ನ ತಿದ್ದಿದ ರೂಪವಾದ ಜಿಇ-ಪ್ರೋಟಾನ್ ಇಳಿಸಿ, ಪ್ರತಿ ಆಟಕ್ಕೂ ಬೇರೆ ಪ್ರಿಫಿಕ್ಸ್, ಅಂದರೆ ಹುಸಿ ವಿಂಡೋಸ್, ಇರಲೆಂದು ಬಿಟ್ಟೆ. ಸೆಲೆಸ್ಟ್ ಮೊದಲ ಯತ್ನದಲ್ಲೇ ತೆರೆಯಿತು. ಹುಡುಗ ಆರಿಸಿದ ಹತ್ತರಲ್ಲಿ ಎಂಟು ಓಡಿದವು. ಒಂಬತ್ತನೆಯದು ಎಪಿಕ್‌ನಿಂದ ಇಳಿದ ಮೇಲೆ ಬೇರೊಂದು ಸಂಸ್ಥೆಯ ಲಾಂಚರನ್ನು ಕರೆಯಿತು, ಆ ಲಾಂಚರ್ ತನ್ನನ್ನೇ ಅಪ್‌ಡೇಟ್ ಮಾಡಿಕೊಳ್ಳಲು ಹೋಗಿ ಬಿದ್ದಿತು, ಎದ್ದಿತು, ಮತ್ತೆ ಬಿದ್ದಿತು. ಒಂದೂವರೆ ಗಂಟೆಯ ನಂತರ ನಾನೇ ಎದ್ದು ಬಿಟ್ಟೆ. ಹತ್ತನೆಯದರಲ್ಲಿ ಮೋಸತಡೆ ತಂತ್ರಾಂಶಕ್ಕೆ ತಯಾರಕರು ಲಿನಕ್ಸ್ ಅನುಮತಿ ಕೊಟ್ಟಿರಲಿಲ್ಲ. ಇಲ್ಲಿ ಏನು ಕೆಟ್ಟರೂ ದೂರು ಕೊಡಲು ಮಳಿಗೆಯಿಲ್ಲ; ಹೀರೋಯಿಕ್ ನಡೆಸುವವರು ಬಿಡುವಿನಲ್ಲಿ ದುಡಿಯುವ ಸ್ವಯಂಸೇವಕರು. ಹೀಗಾಗಿ ನೋಟ್‌ಬುಕ್ಕಿನ ಎಪಿಕ್ ಸಾಲಿನ ಮೇಲೆ ‘ಉಚಿತವಾದರೆ ಸರಿ, ದುಡ್ಡು ಕೊಟ್ಟು ಬೇಡ’ ಎಂದು ನಾನೇ ಬರೆದೆ.

ಕೊನೆಯ ಭಾನುವಾರ: ಡಿಸ್ಕ್ ಬದಲಿಸುವ ಮೊದಲು

ಹಳೆಯ ಡಿಸ್ಕನ್ನು ಇಎಕ್ಸ್‌ಟಿ4ಗೆ ಬದಲಿಸುವ ಕೆಲಸ ಬಾಕಿಯಿತ್ತು. ಬೇಕಾದ ಸ್ಟೀಮ್ ಆಟಗಳನ್ನು ಎಸ್‌ಎಸ್‌ಡಿಗೂ ನನ್ನ ಎಕ್ಸ್‌ಟರ್ನಲ್ ಡಿಸ್ಕಿಗೂ ಹಂಚಿ ನಕಲು ಮಾಡಿದೆ. ಫಾರ್ಮ್ಯಾಟ್ ಗುಂಡಿ ಒತ್ತಲು ಹೋಗುವಾಗ ಹುಡುಗ, “ಮಾಮ, ನನ್ನ ತೋಟ?” ಎಂದ. ಸ್ಟಾರ್‌ಡ್ಯೂ ವ್ಯಾಲಿಯಲ್ಲಿ ಅವನು ಎರಡು ವರ್ಷದಿಂದ ಕಟ್ಟಿದ್ದ ತೋಟ. ಸ್ಟೀಮ್ ಆಟಗಳ ಸೇವ್‌ಗಳು ಬಹುತೇಕ ಕ್ಲೌಡ್‌ನಿಂದ ತಾವಾಗಿಯೇ ಇಳಿದುಬಂದಿದ್ದರಿಂದ ನಾನು ಆ ಯೋಚನೆಯನ್ನೇ ಬಿಟ್ಟಿದ್ದೆ. ಇದನ್ನು ಅವನು ಜಿಒಜಿಯ ಆಫ್‌ಲೈನ್ ಇನ್‌ಸ್ಟಾಲರಿನಿಂದ ಹಾಕಿಕೊಂಡಿದ್ದ. ಕ್ಲೈಂಟೂ ಇಲ್ಲ, ಕ್ಲೌಡೂ ಇಲ್ಲ. ಎರಡು ವರ್ಷದ ಬೆಳೆ ಆ ಡಿಸ್ಕಿನಲ್ಲಿ ಮಾತ್ರ ಇತ್ತು.

ವಿಂಡೋಸ್ ಭಾಗದಲ್ಲಿ ಅವನ ಯೂಸರ್ ಫೋಲ್ಡರಿನ ಒಳಗೆ, ಆ್ಯಪ್‌ಡೇಟಾ, ಅದರೊಳಗೆ ರೋಮಿಂಗ್, ಅದರೊಳಗೆ ಸ್ಟಾರ್‌ಡ್ಯೂ ವ್ಯಾಲಿ, ಸೇವ್ಸ್. ಅವನ ಹೆಸರಿಗೆ ಉದ್ದದ ಅಂಕಿ ಅಂಟಿಸಿದ ಒಂದು ಫೋಲ್ಡರ್ ಅಲ್ಲಿತ್ತು. ಲಿನಕ್ಸ್‌ನಲ್ಲಿ ಇದೇ ಆಟ ಸೇವ್‌ಗಳನ್ನು ಹೋಮ್ ಫೋಲ್ಡರಿನೊಳಗಿನ ಅಡಗಿಸಿಟ್ಟ ಕಾನ್ಫಿಗ್ ಫೋಲ್ಡರಿನಲ್ಲಿ ಇಡುತ್ತದೆ. ಫೈಲುಗಳ ರೂಪ ಎರಡರಲ್ಲೂ ಒಂದೇ. ಫೋಲ್ಡರನ್ನು ಹೆಸರು ಬದಲಿಸದೆ ಹಾಗೆಯೇ ಅಲ್ಲಿಗೆ ನಕಲು ಮಾಡಿದೆ, ಪೆನ್ ಡ್ರೈವ್‌ಗೂ ಒಂದು ಪ್ರತಿ ಹಾಕಿದೆ. ಆಟ ತೆರೆದು ಲೋಡ್ ಒತ್ತಿದಾಗ ಅವನ ಹೆಸರು ಬಂತು: ಎರಡನೆಯ ವರ್ಷ, ಶರತ್ಕಾಲ, 19ನೆಯ ದಿನ. ಕುಂಬಳಕಾಯಿಗಳು ಬಿಟ್ಟಲ್ಲೇ ಇದ್ದವು.

ಅದಾದ ಮೇಲೆ ಡಿಸ್ಕ್ ಫಾರ್ಮ್ಯಾಟ್ ಮಾಡಿ, ಜಿಒಜಿಯ ಇನ್‌ಸ್ಟಾಲರುಗಳನ್ನೆಲ್ಲ ಅದರ ಮೊದಲ ಫೋಲ್ಡರಿಗೆ ಹಾಕಿ, ಸ್ಟೀಮ್ ಲೈಬ್ರರಿಯನ್ನು ಹಿಂದಕ್ಕೆ ತಂದೆ. ಕಂಪ್ಯಾಟ್‌ಡೇಟಾದ ಕೊಂಡಿಯನ್ನು ತೆಗೆದುಹಾಕಿದೆ. ಕ್ಯಾಬಿನೆಟ್ಟಿನ ಪಕ್ಕದ ಬಾಗಿಲನ್ನು ಮುಚ್ಚುವ ಮುನ್ನ ಕಾರ್ಡಿನ ಆ ಪುಟ್ಟ ಸ್ವಿಚ್ಚಿನ ಮೇಲೆ, ಯಾರೂ ಮತ್ತೆ ತಳ್ಳದಿರಲೆಂದು, ಒಂದು ತುಂಡು ಇನ್ಸುಲೇಷನ್ ಟೇಪ್ ಅಂಟಿಸಿದೆ.